ಮನೆಯಲ್ಲೇ ಕಲಿಯುವ ನಾಲ್ಕನೇ ತರಗತಿಯ ಮಗುವಿಗೆ ಕನ್ನಡದಲ್ಲಿ ಉಚಿತ ಕಲಿಕಾ ಸಾಮಗ್ರಿ ಎಲ್ಲಿ ಸಿಗುತ್ತದೆ?

ಮಂಡ್ಯದಂತಹ ಊರಿನಲ್ಲಿದ್ದುಕೊಂಡು ಹಣ ಖರ್ಚು ಮಾಡದೆ ಮಗುವಿಗೆ ಕಲಿಸಲು ಸಾಧ್ಯವೇ ಎಂದು ಕೇಳಿದ್ದೀರಿ, ಖಂಡಿತ ಸಾಧ್ಯ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ತರಗತಿವಾರು ಪುಸ್ತಕಗಳನ್ನು ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಪಾಠಗಳಲ್ಲಿ ಮುದ್ರಿಸಿರುವ ಕ್ಯೂಆರ್ ಕೋಡನ್ನು 2017ರಲ್ಲಿ ಆರಂಭವಾದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸಂಬಂಧಿಸಿದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ.

ನನ್ನ ದೃಷ್ಟಿಯಲ್ಲಿ ಪಠ್ಯಕ್ಕಿಂತ ಮೊದಲು ಬೇಕಾದದ್ದು ಓದಿನ ರುಚಿ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡದ ಚಿತ್ರಕಥೆಗಳಿದ್ದು, ಮುಕ್ತ ಪರವಾನಗಿ ಇರುವುದರಿಂದ ಅವುಗಳನ್ನು ಮುದ್ರಿಸಿ ಹಂಚಲೂ ಅಡ್ಡಿಯಿಲ್ಲ. ಮಗು ಬೆರಳಿಟ್ಟು ಓದುವಾಗ ಯಾವ ಒತ್ತಕ್ಷರದ ಬಳಿ ಆ ಬೆರಳು ನಿಲ್ಲುತ್ತದೆಂದು ಗಮನಿಸಿ, ಆ ಪದವನ್ನು ಮಾತ್ರ ಮರುದಿನ ಬರೆಸಿದರೆ ಸಾಕು.

ಗಣಿತಕ್ಕೆ ನಮ್ಮ ಅಡುಗೆಮನೆಯೇ ಇದೆ. ನಾಲ್ಕು ಪಾವು ಸೇರಿದರೆ ಒಂದು ಸೇರು. ಮಗು ತಾನೇ ರಾಗಿಯನ್ನು ಪಾವಿನಲ್ಲಿ ತುಂಬಿ, ಪಾವಿನ ಮೇಲ್ಭಾಗವನ್ನು ಅಂಗೈಯಿಂದ ಸವರಿ ಸಮ ಮಾಡಿ, ಸೇರಿಗೆ ಸುರಿದಾಗ ಕಾಲು, ಅರ್ಧ, ಮುಕ್ಕಾಲು ಎಂಬ ಭಿನ್ನರಾಶಿಗಳು ಕಣ್ಣೆದುರೇ ಅರ್ಥವಾಗುತ್ತವೆ. ಪರಿಸರ ಅಧ್ಯಯನಕ್ಕಾಗಿ ಬಿಡುವಿದ್ದಾಗ ಮೈಸೂರಿನ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯಿರಿ.