ಹಳೇ ಪಿಕಪ್ಪಿನ ಬಾನೆಟ್: ಒಬ್ಬರೇ ಬಿಚ್ಚುವ ಬಗೆ

ಪ್ರಶ್ನೆ: ತಾತನ ಕಾಲದ 1951ರ ಷೆವ್ರಲೆ ಪಿಕಪ್ ಹಿತ್ತಿಲ ಶೆಡ್ಡಿನಲ್ಲಿದೆ. ಎಂಜಿನ್ ಇಳಿಸುವ ಮೊದಲು ಬಾನೆಟ್ ಬಿಚ್ಚಬೇಕು. ಕಬ್ಬು ಕಟಾವು ನಡೆಯುತ್ತಿರುವುದರಿಂದ ಕೈ ಆಸರೆಗೆ ಯಾರೂ ಸಿಗುತ್ತಿಲ್ಲ. ಪೇಂಟ್ ಕೆಡದಂತೆ ನಾನೊಬ್ಬನೇ ಬಿಚ್ಚಬಹುದೇ?
– ಓದುಗರು, ಮದ್ದೂರು

ಉತ್ತರ: ಬಿಚ್ಚಬಹುದು. ಆದರೆ ತೋಳಿನಲ್ಲಿ ಎತ್ತಿಕೊಂಡಲ್ಲ, ತೂಗುಹಾಕಿಕೊಂಡು. ಈ ಬಾನೆಟ್‌ನ ತೂಕಕ್ಕಿಂತ ಅಗಲವೇ ಕಷ್ಟ ಕೊಡುವುದು. ಎರಡೂ ಅಂಚು ಒಬ್ಬರ ಕೈಗೆ ಒಟ್ಟಿಗೆ ಸಿಗುವುದಿಲ್ಲ. ಎಡಗಡೆಯ ಕೊನೇ ಬೋಲ್ಟ್ ತೆಗೆದು ಬಲಗಡೆಗೆ ಬರುವಷ್ಟರಲ್ಲಿ ಇಡೀ ಭಾರ ಒಂದೇ ಹಿಂಜಿನ ಮೇಲೆ ಬಿದ್ದು ಬಾನೆಟ್ ತಿರುಚಿಕೊಳ್ಳುತ್ತದೆ, ಹಿಂದಿನ ಮೂಲೆ ಗ್ಲಾಸಿನ ಕೆಳಗಿನ ತಗಡಿಗೆ ಬಡಿಯುತ್ತದೆ. ಕೆಳಗಿನ ಸಿದ್ಧತೆಯೆಲ್ಲ ಆ ಒಂದು ಗಳಿಗೆಗಾಗಿ.

ಶೆಡ್ಡಿನ ತೊಲೆ ಗಟ್ಟಿಯಿದ್ದರೆ ಪಂಪ್‌ಸೆಟ್ ಮೋಟಾರ್ ಎತ್ತುವ ಅರ್ಧ ಟನ್ನಿನ ಚೈನ್ ಪುಲ್ಲಿ ಬಾಡಿಗೆಗೆ ತನ್ನಿ. ಬಾವಿಯ ರಾಟೆ ಬೇಡವೇ ಬೇಡ. ರಾಟೆಯಲ್ಲಿ ಹಗ್ಗ ಬಿಟ್ಟ ಕೂಡಲೇ ಭಾರ ಕೆಳಗಿಳಿಯುತ್ತದೆ. ಚೈನ್ ಪುಲ್ಲಿ ನೀವು ನಿಲ್ಲಿಸಿದಲ್ಲೇ ನಿಲ್ಲುವುದರಿಂದ ಎರಡು ಕೈಯೂ ಸ್ಪ್ಯಾನರಿಗೆ ಸಿಗುತ್ತವೆ.

ಹಿಂದಿನ ರಾತ್ರಿಯೇ ಹಿಂಜಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಮೊದಲು ಬ್ಯಾಟರಿಯ ಅರ್ಥ್ ವೈರ್ ತೆಗೆಯಿರಿ. ಬ್ಯಾಟರಿ 6 ವೋಲ್ಟಿನದೇ ಆದರೂ ಸ್ಪ್ಯಾನರ್ ಜಾರಿ ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಕಿಡಿ ಹಾರುತ್ತದೆ. ಯಾರಾದರೂ ನಂತರ ಬಾನೆಟ್‌ಗೆ ಲೈಟ್ ಹಾಕಿಸಿದ್ದರೆ ಅದರ ವೈರನ್ನೂ ಬಿಚ್ಚಿ. ಮಡ್‌ಗಾರ್ಡ್, ಗ್ಲಾಸು, ಅದರ ಕೆಳಗಿನ ತಗಡಿನ ಮೇಲೆ ಹಳೇ ಕಂಬಳಿ ಹೊದಿಸಿ ಟೇಪಿನಿಂದ ಭದ್ರ ಮಾಡಿ.

ಗುರುತು ಹಾಕುವುದನ್ನು ಮರೆಯಬೇಡಿ. ಹಿಂಜ್ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ, ಟೇಪಿನ ಮೇಲೆ ಹಿಂಜಿನ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೀಟು ಎಳೆಯಿರಿ. ಟೇಪ್ ಇಲ್ಲದೆ ತಗಡಿನ ಮೇಲೇ ಬರೆದ ಮಾರ್ಕರ್ ಗುರುತು ಎಣ್ಣೆ ತಾಗಿದರೆ ಅಳಿಸಿಹೋಗುತ್ತದೆ.

ಇನ್ನು ನಾವು ತಪ್ಪದೆ ಹೇಳುವ ಉಪಾಯ. 5/16 ಇಂಚಿನ, 3 ಇಂಚು ಉದ್ದದ ಎರಡು ಬೋಲ್ಟ್ ತಂದು ತಲೆ ಕತ್ತರಿಸಿ, ಆ ತುದಿಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಸ್ಕ್ರೂಡ್ರೈವರ್ ಕೂರುವಂತೆ ಗೀರು ಮಾಡಿ. ತರುವ ಮುನ್ನ ನಿಮ್ಮ ಹಿಂಜಿನ ಒಂದು ಬೋಲ್ಟ್ ಬಿಚ್ಚಿ ಅಂಗಡಿಗೆ ಒಯ್ದು, ದಪ್ಪ ಮತ್ತು ಥ್ರೆಡ್ ಎರಡನ್ನೂ ತಾಳೆ ನೋಡಿ. 8 ಎಂಎಂ ಬೋಲ್ಟ್ ನೋಡಲು ಹಾಗೇ ಇರುತ್ತದೆ, ಎರಡು ಸುತ್ತು ಹತ್ತುತ್ತದೆ, ಆಮೇಲೆ ಬಿಗಿದುಕೊಂಡು ಒಳಗಿನ ನಟ್ಟಿನ ಥ್ರೆಡ್ ಕೆಡಿಸುತ್ತದೆ. ಪ್ರತಿ ಹಿಂಜಿನಲ್ಲೂ ಬಾನೆಟ್ ಕಡೆಯ ಒಂದು ಬೋಲ್ಟ್ ತೆಗೆದು ಆ ಜಾಗಕ್ಕೆ ಈ ಕಡ್ಡಿಯನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಉಳಿದ ಬೋಲ್ಟುಗಳನ್ನು ಬಿಚ್ಚಿದ ಮೇಲೂ ಬಾನೆಟ್ ಕಡ್ಡಿಗಳ ಮೇಲೆ ಕೂತಿರುತ್ತದೆ, ಜಾರುವುದಿಲ್ಲ.

ಬಾನೆಟ್ ಪೂರ್ತಿ ತೆರೆದು, ಲಾರಿ ಲೋಡ್ ಕಟ್ಟುವ ಬೆಲ್ಟ್ ಒಂದನ್ನು ಮುಂದಿನ ಲಾಕ್ ಪ್ಲೇಟಿಗೆ, ಇನ್ನೆರಡನ್ನು ಹಿಂದಿನ ಎರಡು ಮೂಲೆಗೆ ಹಾಕಿ ಕೊಕ್ಕೆಗೆ ಸೇರಿಸಿ. ನಾರಿನ ಹಗ್ಗ ಪೇಂಟ್ ತರಚುತ್ತದೆ, ನೈಲಾನ್ ಎಳೆದಷ್ಟೂ ಉದ್ದವಾಗುತ್ತದೆ. ಕೊಕ್ಕೆ ತೆರೆದ ಬಾನೆಟ್‌ನ ನಡುಮಧ್ಯಕ್ಕೆ ನೇರ ಮೇಲಿರಲಿ. ಅರ್ಧ ಅಡಿ ಆಚೀಚೆಯಾದರೂ ಬಿಚ್ಚಿದ ಕೂಡಲೇ ತೊಟ್ಟಿಲಿನಂತೆ ತೂಗಿ ಗ್ಲಾಸಿಗೆ ಹೊಡೆಯುತ್ತದೆ. ಬೇಕಾದರೆ ಗಾಡಿಯನ್ನೇ ಹಿಂದೆ ಮುಂದೆ ಸರಿಸಿ ಹೊಂದಿಸಿಕೊಳ್ಳಿ.

ಬೆಲ್ಟುಗಳು ಬಿಗಿಯಾಗುವಷ್ಟು ಚೈನ್ ಎಳೆದು ನಿಲ್ಲಿಸಿ. ಉಳಿದ ಬೋಲ್ಟುಗಳನ್ನು ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬಿಚ್ಚಿ. ಬೋಲ್ಟ್ ಬಿಗಿಯಾಗಿ ಕಚ್ಚಿಕೊಂಡರೆ ಸ್ಪ್ಯಾನರಿಗೆ ಬಲ ಹಾಕಬೇಡಿ, ಭಾರ ಇನ್ನೂ ಹಿಂಜಿನ ಮೇಲಿದೆ ಎಂದರ್ಥ. ಚೈನ್ ಇನ್ನೊಂದು ಹಲ್ಲು ಎಳೆಯಿರಿ. ಕೊನೆಗೆ ಕಡ್ಡಿಗಳನ್ನು ಸ್ಕ್ರೂಡ್ರೈವರಿನಿಂದ ತೆಗೆಯಿರಿ.

ಈಗ ಹಿಂಜ್ ಮೇಲಕ್ಕೆ ನಿಂತಿರುತ್ತದೆ. ಅದನ್ನು ಕೈಯಲ್ಲಿ ಕೆಳಕ್ಕೆ ಒತ್ತಲು ಹೋಗಬೇಡಿ. ಬಾನೆಟ್‌ನ ಭಾರ ತಡೆಯುವ ಸ್ಪ್ರಿಂಗ್ ಅದರಲ್ಲಿದೆ, ಕೈ ಜಾರಿದರೆ ಬೆರಳು ಮುರಿಯುತ್ತದೆ.

ಬಾನೆಟನ್ನು ಗ್ರಿಲ್‌ಗಿಂತ ಮೇಲೆತ್ತಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಹಿಂದಕ್ಕೆ ತಳ್ಳಿ. ಟೈರಿಗೆ ಗಾಳಿಯಿದ್ದು ನೆಲ ಸಮತಟ್ಟಾದ ಸಿಮೆಂಟಿನದಾದರೆ ಒಬ್ಬರಿಗೇ ಸಾಧ್ಯ. ಎಲ್ಲಿ ನಿಲ್ಲಬೇಕೋ ಅಲ್ಲಿ ಮೊದಲೇ ಕಲ್ಲು ಕೊಟ್ಟಿರಿ. ಇಳಿಜಾರು ಶೆಡ್ಡಾದರೆ ಈ ಕೆಲಸ ಒಬ್ಬರದ್ದಲ್ಲ. ನಂತರ ಬಾನೆಟನ್ನು ಎರಡು ಹಳೇ ಟೈರಿನ ಮೇಲೆ ಹಿಂದಿನ ಅಂಚು ಕೂರುವಂತೆ ಇಳಿಸಿ, ಗೋಡೆಗೆ ಒರಗಿಸಿ, ಕಿಟಕಿ ಸರಳಿಗೆ ಕಟ್ಟಿ. ಬಯಲಲ್ಲಿ ಮಾಡುವವರು ಆಷಾಢದ ಗಾಳಿಯ ದಿನಗಳಲ್ಲಿ ಕೈಹಾಕಬೇಡಿ. ತೂಗುತ್ತಿರುವ ಬಾನೆಟ್ ಗಾಳಿಪಟದಂತೆ ತಿರುಗುತ್ತದೆ.

ಪ್ರಶ್ನೆ: ಇದೇ ಮಾದರಿಯ ಗಾಡಿಗೆ 13ರ ಸ್ಪ್ಯಾನರ್ ಹಾಕುತ್ತಿದ್ದೇವೆ, ಬೋಲ್ಟಿನ ತಲೆ ಸವೆಯುತ್ತಿದೆ. ಏಕೆ?
– ಓದುಗರು, ಮೈಸೂರು

ಉತ್ತರ: ಅಮೆರಿಕದ ಗಾಡಿ, ಇಂಚಿನ ಅಳತೆ. 5/16 ಬೋಲ್ಟಿನ ತಲೆ 1/2 ಇಂಚು, ಅಂದರೆ 12.7 ಎಂಎಂ. ಸಡಿಲ ಬೋಲ್ಟಿಗೆ 13 ನಡೆಯುತ್ತದೆ, ತುಕ್ಕು ಹಿಡಿದದ್ದಕ್ಕೆ ಮೂಲೆ ಸವೆಸುತ್ತದೆ. 1/2 ಇಂಚಿನ ರಿಂಗ್ ಸ್ಪ್ಯಾನರ್ ಕೊಳ್ಳಿ.

ಪ್ರಶ್ನೆ: ಬಾನೆಟ್ ಮತ್ತೆ ಕೂರಿಸಿದ ಮೇಲೆ ಮುಚ್ಚುವಾಗ ಹಿಂಭಾಗದ ತಗಡು ಉಬ್ಬಿಕೊಳ್ಳುತ್ತಿದೆ.
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮುಚ್ಚುವುದನ್ನು ತಕ್ಷಣ ನಿಲ್ಲಿಸಿ. ಹಿಂಜಿನ ಕೀಲು ಒಣಗಿ ಹಿಡಿದುಕೊಂಡಿದೆ. ನೀವು ಒತ್ತಿದಾಗ ಹಿಂಜ್ ಮಡಚುವ ಬದಲು ತಗಡು ಮಡಚುತ್ತಿದೆ. ಒಮ್ಮೆ ಮಡಿಕೆ ಬಿದ್ದರೆ ಟಿಂಕರಿಂಗ್ ಆಗದೆ ಹೋಗುವುದಿಲ್ಲ. ಎಲ್ಲ ಕೀಲಿಗೂ ಎಣ್ಣೆ ಬಿಟ್ಟು, ಬಾನೆಟನ್ನು ಒಂದೊಂದು ಗೇಣಿನಷ್ಟೇ ಇಳಿಸಿ ಎತ್ತಿ, ಸಲೀಸಾಗುವವರೆಗೆ ಮಾಡಿ. ಆಮೇಲೆ ಗೀಟಿನ ಗುರುತಿಗೆ ಹಿಂಜ್ ಹೊಂದಿಸಿ, ಬೋಲ್ಟುಗಳನ್ನು ಅರ್ಧ ಬಿಗಿ ಮಾಡಿ, ಹಿಂದಿನ ಮೂಲೆಗಳ ಕೆಳಗೆ ರಟ್ಟು ಇಟ್ಟು ನಿಧಾನಕ್ಕೆ ಮುಚ್ಚಿ. ಎರಡೂ ಬದಿಯ ಸಂದು ಒಂದೇ ಸಮ ಬಂದ ಮೇಲೆ ತೆರೆದು ಪೂರ್ತಿ ಬಿಗಿಯಿರಿ.