ಎಣ್ಣೆ ಬಾವಿಯ ನೀರನ್ನು ಹೊಲಕ್ಕೆ ಬಿಡಬಹುದಾ?

ಪ್ರಶ್ನೆ: ನನ್ನ ಅಕ್ಕನ ಮಗ ರಾಜಸ್ಥಾನದ ಬಾಡಮೇರ್‌ನಲ್ಲಿ ಕಚ್ಚಾ ಎಣ್ಣೆ ಬಾವಿಯ ಕೆಲಸಕ್ಕಿದ್ದಾನೆ. ಎಣ್ಣೆಗಿಂತ ನೀರೇ ಜಾಸ್ತಿ ಬರುತ್ತದೆ, ಅದನ್ನು ಮತ್ತೆ ನೆಲದೊಳಗೇ ಒತ್ತುತ್ತೇವೆ ಅಂತಾನೆ. ಇಲ್ಲಿ ಕಾಲುವೆಯ ಕೊನೇ ಭಾಗದವರಾದ ನಾವು ನೀರಿಗಾಗಿ ಬಾಯಿ ಬಿಡುತ್ತಿದ್ದೇವೆ. ಆ ನೀರನ್ನು ಸೋಸಿ ಹೊಲಕ್ಕೆ ಕೊಡಬಾರದಾ? ನೆಲಕ್ಕೆ ಒತ್ತಿದರೆ ಬೋರ್‌ವೆಲ್ ನೀರು ಕೆಡುವುದಿಲ್ಲವಾ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಹುಡುಗ ಹೇಳಿದ್ದು ನಿಜ. ಬಳ್ಳಾರಿಗೆ ಬಂದು ಮನೆ ಹಿಡಿಯುವ ಮೊದಲು ನಾನು 22 ವರ್ಷ ಗುಜರಾತಿನ ಎಣ್ಣೆ ಬಾವಿಗಳ ಇಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಇದೇ ನೀರಿನ ಜೊತೆ ಒದ್ದಾಡಿದವನು. ಜಗತ್ತಿನ ಲೆಕ್ಕ ತೆಗೆದರೆ 1 ಬ್ಯಾರೆಲ್ ಎಣ್ಣೆಗೆ, ಅಂದರೆ 159 ಲೀಟರಿಗೆ, ಹೆಚ್ಚುಕಡಿಮೆ 3 ಬ್ಯಾರೆಲ್ ನೀರು ಬರುತ್ತದೆ. ಹಳೇ ಬಾವಿಗಳಲ್ಲಿ ನೂರಕ್ಕೆ 90 ಪಾಲು ನೀರೇ ಇರುವುದೂ ಉಂಟು.

ಮೊದಲು ಎಲ್ಲವನ್ನೂ ದೊಡ್ಡ ಟ್ಯಾಂಕಿನಲ್ಲಿ ನಿಲ್ಲಿಸುತ್ತಾರೆ. ಗ್ಯಾಸ್ ಮೇಲೆ, ಎಣ್ಣೆ ನಡುವೆ, ನೀರು ತಳಕ್ಕೆ. ಅಲ್ಲಿಗೆ ಕೆಲಸ ಮುಗಿಯುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಎಣ್ಣೆ ಹನಿಗಳು ನೀರಿನಲ್ಲೇ ಉಳಿದಿರುತ್ತವೆ. ಹನಿಯ ಅಗಲ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು ಬೇಗ ಮೇಲೇರುತ್ತದೆ. ಹಾಗಾಗಿ ಹನಿ ಒಡೆಯದಂತೆ ಕಾಯುವುದೇ ದೊಡ್ಡ ಕೆಲಸ. ನಾನು ಸೇರಿದ ಎರಡನೇ ವರ್ಷ ಟ್ಯಾಂಕಿಗಿಂತ ಮುಂಚೆ ಒಂದು ಜೋರು ತಿರುಗುವ ಪಂಪ್ ಹಾಕಿದೆವು. ಹಾಕೋಣ ಅಂದವನು ನಾನೇ. ಮರುದಿನ ನೀರು ಹಾಲಿನಂತೆ ಬೆಳ್ಳಗೆ! ಗಾಜಿನ ಜಾರಿನಲ್ಲಿ ರಾತ್ರಿಯೆಲ್ಲಾ ಇಟ್ಟರೂ ತಿಳಿಯಾಗಲಿಲ್ಲ. ಕೊಪ್ಪಳದಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಹೇಳಿದರೆ, "ಮಸರು ಕಡದ್ರ ಬೆಣ್ಣಿ ಒಂದ್ಕಡಿ ಸೇರ್ತೈತಿ, ನಿಮ್ಮಲ್ಲೇನೋ ಉಲ್ಟಾ?" ಅಂದಳು. ಉಲ್ಟಾನೇ. ಬೆಣ್ಣೆಗೆ ಕಡೆಯಬೇಕು, ಎಣ್ಣೆಗೆ ಕಡೆಯಬಾರದು.

ಆಮೇಲೆ ತಳದಿಂದ ಗ್ಯಾಸ್ ಗುಳ್ಳೆ ಬಿಡುತ್ತಾರೆ. ಗುಳ್ಳೆಗೆ ಅಂಟಿಕೊಂಡು ಹನಿಗಳು ಮೇಲೆ ಬರುತ್ತವೆ, ನೊರೆಯನ್ನು ಕೆನೆ ತೆಗೆದಂತೆ ತೆಗೆಯುತ್ತಾರೆ. ಕೊನೆಗೆ ಫಿಲ್ಟರ್. ಅದರೊಳಗೆ ಇರುವುದು ಅಕ್ರೋಟ್ ಚಿಪ್ಪಿನ ಚೂರು, ನೋಡಲು ಗೋಧಿ ನುಚ್ಚಿನ ಹಾಗೆ. ಮರಳಿಗೆ ಎಣ್ಣೆ ಕಚ್ಚಿಕೊಂಡು ಜಿಡ್ಡು ಕಟ್ಟುತ್ತದೆ. ಈ ಚಿಪ್ಪು ಎಣ್ಣೆಯನ್ನು ಹಿಡಿಯುತ್ತದೆ, ತೊಳೆದರೆ ಬಿಟ್ಟೂ ಕೊಡುತ್ತದೆ.

ಹೊರಗೆ ಬಿಡುವ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂಗಿಂತ ಜಾಸ್ತಿ ಎಣ್ಣೆ ಇರಬಾರದು ಎಂಬುದು ನೆಲದ ಮೇಲಿನ ಬಾವಿಗಳಿಗೆ ನಮ್ಮ ದೇಶದ ನಿಯಮ. ಕಷ್ಟಪಟ್ಟರೆ ಅಲ್ಲಿಗೆ ಮುಟ್ಟಬಹುದು. ಎಣ್ಣೆಯೊಂದೇ ತೊಂದರೆಯಾಗಿದ್ದರೆ ನಿಮಗೆ ಹೌದು ಅನ್ನುತ್ತಿದ್ದೆ.

ತೊಂದರೆ ಇರುವುದು ಉಪ್ಪಿನದು. ಅದು ತೇಲುವುದಿಲ್ಲ, ಫಿಲ್ಟರಿಗೂ ಸಿಗುವುದಿಲ್ಲ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಕೆಲವು ಬಾವಿಗಳಲ್ಲಿ ಇದಕ್ಕಿಂತ ತೀರಾ ಕಡಿಮೆ, ಕೆಲವದರಲ್ಲಿ ಇದರ ಹಲವು ಪಟ್ಟು. ಸವಳು-ಜವಳು ಅಂದರೇನು ಅಂತ ಸಿಂಧನೂರಿನವರಿಗೆ ನಾನು ಹೇಳಬೇಕಾ? ತುಂಗಭದ್ರೆಯ ಸಿಹಿ ನೀರು ಹರಿದೇ ಎಷ್ಟೋ ಎರೆಹೊಲ ಸವಳಾಗಿದೆ. ಇನ್ನು ಈ ನೀರು ಬಿಟ್ಟರೆ ಸೋಡಿಯಂ ಸೇರಿ ಮಣ್ಣಿನ ಸಂದು ಮುಚ್ಚಿಹೋಗುತ್ತದೆ, ನೀರು ಇಂಗುವುದೇ ಇಲ್ಲ. ಆರ್‌ಒ ಹಾಕಿದರೆ ಆಗದಾ ಅನ್ನಬಹುದು. ನಿಮ್ಮೂರಿನ ಶುದ್ಧ ನೀರಿನ ಘಟಕದ ಹಿಂದೆ, ಸೋಸಿ ಉಳಿದ ಉಪ್ಪು ನೀರನ್ನು ಚರಂಡಿಗೆ ಒಯ್ಯುವ ಪೈಪ್ ನೋಡಿ. ನೀರು ಉಪ್ಪಾದಷ್ಟೂ ಆ ಪೈಪಿನ ಪಾಲು ಜಾಸ್ತಿ. ಸ್ವಲ್ಪ ಎಣ್ಣೆ ಉಳಿದರೂ ಆರ್‌ಒದ ಸೋಸುವ ಪೊರೆಯ ತೂತು ಕಟ್ಟಿಕೊಳ್ಳುತ್ತದೆ, ಅದರ ಖರ್ಚೇ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯಲ್ಲಿ ಇಂಥ ನೀರನ್ನು ಬೇರೆ ನೀರಿಗೆ ಬೆರೆಸಿ ಬೆಳೆಗೆ ಕೊಡುತ್ತಾರೆ. ಅಲ್ಲಿ ಉಪ್ಪು ಕಡಿಮೆ ಇರುವುದರಿಂದ ಅದು ನಡೆಯುತ್ತದೆ.

ಹಾಗಾಗಿ ಬಂದ ಕಡೆಗೇ ವಾಪಸ್ ಕಳಿಸುವುದು ಲೇಸು. ಸುಮ್ನೆ ಹೂಳುವುದಲ್ಲ ಅದು. ಎಣ್ಣೆ ತೆಗೆದಂತೆ ತಳದ ಒತ್ತಡ ಇಳಿಯುತ್ತದೆ, ಈ ನೀರು ಮಿಕ್ಕ ಎಣ್ಣೆಯನ್ನು ಬಾವಿಯ ಕಡೆ ತಳ್ಳುತ್ತದೆ. ಬಾಡಮೇರ್‌ನ ಮಂಗಳಾ ಎಂಬ ಎಣ್ಣೆ ಕ್ಷೇತ್ರದಲ್ಲಿ ನೀರು ಗಂಜಿಯಂತೆ ಮಂದವಾಗಲಿ ಅಂತ ಪಾಲಿಮರ್ ಎಂಬ ರಾಸಾಯನಿಕವನ್ನೂ ಬೆರೆಸುತ್ತಾರೆ. ಅದು ಎಣ್ಣೆಯ ಜೊತೆ ಮತ್ತೆ ಮೇಲೆ ಬಂದು ಹನಿಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಅಂಥ ನೀರನ್ನು ತಿಳಿಮಾಡುವುದು ನನ್ನ ಕಾಲದ ಕೆಲಸಕ್ಕಿಂತ ಕಷ್ಟ.

ಬೋರ್‌ವೆಲ್ ವಿಚಾರ. ಎಣ್ಣೆಯ ಪದರ ಸಾಮಾನ್ಯವಾಗಿ ಬೋರ್‌ವೆಲ್‌ಗಿಂತ ಬಹಳ ಕೆಳಗಿರುತ್ತದೆ. ನಡುವೆ ಉಕ್ಕಿನ ಕೇಸಿಂಗ್, ಅದರ ಸುತ್ತ ಸಿಮೆಂಟ್. ಕೇಸಿಂಗ್ ತುಕ್ಕು ಹಿಡಿದರೆ ಅಪಾಯ ಖಂಡಿತ ಇದೆ. ಅದಕ್ಕೇ ಒತ್ತುವ ನೀರಿನಿಂದ ಆಮ್ಲಜನಕ ತೆಗೆಯುತ್ತಾರೆ, ಒತ್ತಡದ ಗೇಜ್ ನೋಡುತ್ತಲೇ ಇರುತ್ತಾರೆ. ನನಗೆ ಹೆಚ್ಚು ಹೆದರಿಕೆ ಇದ್ದದ್ದು ನೆಲದ ಮೇಲಿನ ಪೈಪಿನದು. ಒಮ್ಮೆ ಒಂದು ಪೈಪ್ ಒಡೆದು ಪಕ್ಕದ ಔಡಲದ ಹೊಲಕ್ಕೆ ನೀರು ನುಗ್ಗಿತು. ಪರಿಹಾರವನ್ನೇನೋ ಕೊಟ್ಟರು. ಎರಡು ವರ್ಷದ ಮೇಲೆ ಆ ರೈತ ಒಂದು ಹಿಡಿ ಮಣ್ಣು ತಂದು ನನ್ನ ಮೇಜಿನ ಮೇಲಿಟ್ಟ. ಮೇಲೆ ಬೆಳ್ಳಗೆ ಉಪ್ಪು ಕಟ್ಟಿತ್ತು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಂಥ ಟ್ಯಾಂಕುಗಳ ಹತ್ತಿರ ಕೊಳೆತ ಮೊಟ್ಟೆ ವಾಸನೆಯ ವಿಷಗಾಳಿ ಇರುತ್ತದೆ. ಅದು ಜಾಸ್ತಿಯಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಗ್ಯಾಸ್ ಡಿಟೆಕ್ಟರ್ ಇಲ್ಲದೆ ಟ್ಯಾಂಕ್ ಹತ್ತಬೇಡ ಅಂತ ಅಕ್ಕನ ಮಗನಿಗೆ ಹೇಳಿ.