ಕಾಂಪೋಸ್ಟ್ ಡ್ರಮ್ ದಿನಾ ಮಗುಚಿದರೂ ವಾಸನೆ ಯಾಕೆ?

ಬೆಂಗಳೂರಿನಲ್ಲಿ ತಾರಸಿ ಮೇಲೆ 60 ಲೀಟರಿನ ಎರಡು ಪ್ಲಾಸ್ಟಿಕ್ ಡ್ರಮ್ ಇಟ್ಟಿದ್ದೀರಿ. ಅಡುಗೆಮನೆಯ ಹಸಿಕಸ, ಮೇಲೊಂದು ಹಿಡಿ ಕೋಕೋಪೀಟ್ (ತೆಂಗಿನ ಸಿಪ್ಪೆಯ) ಪುಡಿ, ದಿನಾ ಬೆಳಿಗ್ಗೆ ಕೋಲು ಹಾಕಿ ತಿರುವುತ್ತೀರಿ. ಆದರೂ ತಳ ಕೆಸರಾಗಿದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದೆ, ಬಿಳಿ ಹುಳು ಬಂದಿವೆ. ದಿನಕ್ಕೆ ಎರಡು ಸಲ ಮಗುಚಬೇಕಾ ಅಂತ ಕೇಳಿದ್ದೀರಿ.

ಬೇಡ. ದಿನಾ ಮಗುಚುವುದನ್ನೂ ನಿಲ್ಲಿಸಿ. ಡ್ರಮ್ಮಿಗೆ ಗಾಳಿ ಸಾಲುತ್ತಿಲ್ಲ ಅನ್ನುವುದು ನಿಜ. ಆದರೆ ಅದನ್ನು ಕೋಲು ಕೊಡುವುದಿಲ್ಲ. ಕಸದ ನಡುವೆ ಸಂದು ಉಳಿದಿದ್ದರೆ ಗಾಳಿ ತಾನಾಗಿ ಆಡುತ್ತದೆ.

ಒಳಗೆ ನಡೆಯುವುದು ಇಷ್ಟು. ಕಸವನ್ನು ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಆಮ್ಲಜನಕ ಬೇಕು. ಹಸಿಕಸ ತುಂಬಿದ ಡ್ರಮ್ಮಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ನೀವು ತಿರುವಿದಾಗ ಒಳಗೆ ಹೋದ ಗಾಳಿಯನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತವೆ. ಆಮೇಲೆ ಹೊಸ ಗಾಳಿ ಬರಲು ದಾರಿ ಇರಬೇಕಲ್ವಾ? ಕಸ ಒದ್ದೆಯಾಗಿ ಮುದ್ದೆಯಾಗಿದ್ದರೆ, ಕೋಲು ಹೊರಗೆ ತೆಗೆದ ಕೂಡಲೇ ತೂತು ಮುಚ್ಚಿಕೊಳ್ಳುತ್ತದೆ. ಗಾಳಿ ಬೇಡದ ಜೀವಿಗಳು ಆಗ ಕೆಲಸ ಶುರು ಮಾಡುತ್ತವೆ. ಹೈಡ್ರೋಜನ್ ಸಲ್ಫೈಡ್ ಬರುವುದು ಅವುಗಳಿಂದ. ನಿಮ್ಮ ಕೊಳೆತ ಮೊಟ್ಟೆ ವಾಸನೆ ಅದೇ.

ಕೋಕೋಪೀಟ್ ಪುಡಿಯ ಬಗ್ಗೆ ಒಂದು ಮಾತು. ಅದು ನೀರು ಹೀರುತ್ತದೆ, ಆ ಕೆಲಸ ಚೆನ್ನಾಗಿಯೇ ಮಾಡುತ್ತದೆ. ಆದರೆ ತೀರಾ ನುಣ್ಣಗಿರುವುದರಿಂದ ನೀರು ಕುಡಿದ ಮೇಲೆ ಅದೂ ಹಿಟ್ಟಿನ ಹಾಗೆ ಒತ್ತಿ ಕೂರುತ್ತದೆ. ಸಂದು ಉಳಿಸುವುದು ದಪ್ಪ, ಒರಟು ವಸ್ತುಗಳು. ತರಗೆಲೆ, ಕೈಬೆರಳುದ್ದ ಮುರಿದ ಕಡ್ಡಿ, ಹರಿದ ಮೊಟ್ಟೆ ಟ್ರೇ, ರಟ್ಟಿನ ಚೂರು, ಬಿಡಿಸಿದ ತೆಂಗಿನ ಸಿಪ್ಪೆಯ ನಾರು. ಒಂದು ಬಟ್ಟಲು ಹಸಿಕಸಕ್ಕೆ ಎರಡು ಬಟ್ಟಲು ಇಂಥದ್ದು ಹಾಕಿ. ಅಳತೆ ಗಾತ್ರದಲ್ಲಿ, ತೂಕದಲ್ಲಲ್ಲ. ಪುಸ್ತಕಗಳಲ್ಲಿ ಇಂಗಾಲ ಮತ್ತು ಸಾರಜನಕದ ಪ್ರಮಾಣ 25ರಿಂದ 30ಕ್ಕೆ 1 ಇರಬೇಕು ಅಂತ ಬರೆದಿರುತ್ತದೆ. ಮನೆಮಟ್ಟಿಗೆ ಆ ಲೆಕ್ಕ ಮಾಡುವ ಅಗತ್ಯ ಇಲ್ಲ, ಈ ಬಟ್ಟಲಿನ ಅಳತೆ ಸಾಕು. ಕಡಿಮೆ ಬಿದ್ದರೆ ಮೂಗಿಗೇ ಗೊತ್ತಾಗುತ್ತದೆ. ಹಸಿಕಸ ಜಾಸ್ತಿಯಾದರೆ ಅಮೋನಿಯಾದ ಖಾರ ವಾಸನೆ ಮೂಗಿಗೆ ಹೊಡೆಯುತ್ತದೆ. ಆಗಂತೂ ಮಗುಚಲೇಬೇಡಿ, ಒಣ ಎಲೆ ಸೇರಿಸಿ. ಮಗುಚಿದಷ್ಟೂ ಅಮೋನಿಯಾ ಹಾರಿಹೋಗುತ್ತದೆ. ಗಿಡಕ್ಕೆ ಸಿಗಬೇಕಾದ ಸಾರಜನಕವೇ ಅದು.

ತೇವ ನೋಡಲು ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿಯಾಗಿದೆ. ಧಾರೆ ಇಳಿದರೆ ಒಣದ್ದು ಬೇಕು. ಕೈ ಬಿಟ್ಟಾಗ ಪುಡಿಪುಡಿಯಾಗಿ ಉದುರಿದರೆ ಸ್ವಲ್ಪ ನೀರು ಚಿಮುಕಿಸಿ. ಮಜ್ಜಿಗೆ ನೀರಾದರೂ ಆದೀತು.

ಯಾವ ಕಸ ಹೇಗೆ ಕೂರುತ್ತದೆ ಅಂತ ಗಮನಿಸುವುದು ಮಗುಚುವುದಕ್ಕಿಂತ ಮುಖ್ಯ. ಅವರೆಕಾಯಿ ಕಾಲ ಬಂತು ಅಂತಿಟ್ಟುಕೊಳ್ಳಿ. ಹಿತಕಿದ ಬೇಳೆ ಮಾಡಿದ ದಿನ ಒಂದು ಪಾತ್ರೆ ತೆಳು ಸಿಪ್ಪೆ ಉಳಿಯುತ್ತದೆ. ನಯವಾಗಿ, ಜಾರುವ ಹಾಗಿರುತ್ತದೆ. ಅದನ್ನು ಹಾಗೇ ಸುರಿದರೆ ಒಂದರ ಮೇಲೊಂದು ಅಂಟಿಕೊಂಡು ಹಾಳೆಯಾಗುತ್ತದೆ. ವಾರ ಬಿಟ್ಟು ಕೆದಕಿದರೆ ಹಾಳೆಯ ಮೇಲಿನದು ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗಿರುತ್ತದೆ, ಕೆಳಗಿನದು ಕಪ್ಪಗೆ ಲೋಳೆಯಾಗಿರುತ್ತದೆ. ಒಂದೇ ಡ್ರಮ್ಮು, ನಡುವೆ ನಾಲ್ಕು ಬೆರಳಿನ ಅಂತರ ಅಷ್ಟೇ! ಅದೇ ಸಿಪ್ಪೆಯನ್ನು ತರಗೆಲೆ ಜೊತೆ ಕೈಯಲ್ಲೇ ಕಲಸಿ ಹಾಕಿದರೆ ಬೇಗ ಕರಗುತ್ತದೆ. ಉಳಿದ ಅನ್ನ, ಚಹಾ ಚರಟ, ಹಲಸಿನ ಹಣ್ಣಿನ ರೆಚ್ಚೆ ಕೂಡ ಹೀಗೇ ಗುಡ್ಡೆಯಾಗಿ ಬೀಳಬಾರದು. ಆಯುಧಪೂಜೆ ಮುಗಿದ ಮೇಲೆ ಬಾಳೆದಿಂಡು ಇಡಿಯಾಗಿ ತುರುಕಬೇಡಿ. ಅದರ ತುಂಬಾ ನೀರೇ ಇರುತ್ತದೆ. ಹೆಚ್ಚಿ, ಒಂದು ದಿನ ಬಿಸಿಲಿಗೆ ಹಾಕಿ, ಆಮೇಲೆ ಸೇರಿಸಿ.

ಇನ್ನು ಮಗುಚುವ ವಿಷಯ. ಡ್ರಮ್ ತುಂಬುತ್ತಿರುವಾಗ ಮೇಲಿನ ಒಂದು ಗೇಣು ಮಾತ್ರ ಕಲಸಿ. ಮೂರು ಹಲ್ಲಿನ ಕೈ ಫೋರ್ಕ್ ನರ್ಸರಿಯಲ್ಲಿ ಸಿಗುತ್ತದೆ, ಕೋಲಿಗಿಂತ ಅದು ಎಷ್ಟೋ ವಾಸಿ. ಕೋಲು ಒತ್ತುತ್ತದೆ, ಫೋರ್ಕ್ ಎತ್ತುತ್ತದೆ. ಹೊಸ ಕಸವನ್ನು ಹಳೆಯದರೊಳಗೆ ಸೇರಿಸಿ, ಮೇಲೆ ಒಣ ಎಲೆ ಹೊದಿಸಿ, ಮುಚ್ಚಿ.

ಡ್ರಮ್ ತುಂಬಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಪೂರ್ತಿ ಮಗುಚಿ. ನಿಮ್ಮ ಹತ್ತಿರ ಎರಡು ಡ್ರಮ್ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಅದಕ್ಕಿಂತ ಒಳ್ಳೆಯ ಮಗುಚುವಿಕೆ ಬೇರೆ ಇಲ್ಲ. ಹಳೆ ಟಾರ್ಪಾಲಿನ ಮೇಲೆ ಸುರಿದು, ಗಡ್ಡೆ ಒಡೆದು, ಅಂಚಿನಲ್ಲಿದ್ದದ್ದು ನಡುವೆ ಬರುವ ಹಾಗೆ, ತಳದ್ದು ಮೇಲೆ ಬರುವ ಹಾಗೆ ತುಂಬಿ. ಒದ್ದೆ ಕಂಡಲ್ಲಿ ಎಲೆ ಸೇರಿಸುತ್ತಾ ಹೋಗಿ. ಎರಡು ವಾರ ಬಿಟ್ಟು ಇನ್ನೊಂದು ಸಲ. ಆಮೇಲೆ ಸುಮ್ನೆ ಬಿಟ್ಟುಬಿಡಿ, ಮಾಗಲಿ. ಅಷ್ಟರಲ್ಲಿ ದಿನದ ಕಸಕ್ಕೆ 20 ಲೀಟರಿನ ಹಳೆ ಪೇಂಟ್ ಬಕೆಟ್ ಒಂದಕ್ಕೆ ತೂತು ಹಾಕಿ ಇಟ್ಟುಕೊಳ್ಳಿ.

ವಾರಕ್ಕೆರಡು ಸಲ ಮಗುಚಿ, ಒಂದೇ ತಿಂಗಳಲ್ಲಿ ಗೊಬ್ಬರ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರೆ. ಅದು ಹೆಚ್ಚಾಗಿ ದೊಡ್ಡ ರಾಶಿಯ ಮಾತು. ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಆ ಬಿಸಿಯಲ್ಲಿ ಕಳೆ ಬೀಜಗಳೂ ಸಾಯುತ್ತವೆ. ನಿಮ್ಮ ಡ್ರಮ್ ಅದರ ಸುಮಾರು ಹದಿನೇಳರಲ್ಲಿ ಒಂದು ಭಾಗ. ಹುಟ್ಟಿದ ಬಿಸಿ ಸುತ್ತಲಿನಿಂದ ಸೋರಿಹೋಗುತ್ತದೆ, ದಿನಾ ಮುಚ್ಚಳ ತೆಗೆದು ಕೆದಕಿದರೆ ಇನ್ನೂ ಬೇಗ ಆರುತ್ತದೆ. ಬಿಸಿಯಾಗಲಿಲ್ಲ ಅಂತ ಚಿಂತೆ ಬೇಡ. ತಣ್ಣಗಿದ್ದರೂ ಗೊಬ್ಬರ ಆಗುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ.

ಮಗುಚದೆ ಗೊಬ್ಬರ ಮಾಡುವ ಪದ್ಧತಿಗೆ ನಮ್ಮ ಊರಿನ ಹೆಸರೇ ಇದೆ, ಗೊತ್ತಾ? ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ರೂಪಿಸಿದ ಇಂದೋರ್ ಪದ್ಧತಿಯಲ್ಲಿ ಗುಂಡಿಯ ಕಸವನ್ನು ಮೂರು ಸಲ ಮಗುಚುತ್ತಾರೆ. 1939ರಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟುಬಿಡುತ್ತಾರೆ. ಮಗುಚುವ ಕೆಲಸವೇ ಇಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು. ತಾರಸಿಗೆ ಅದು ಹೊಂದುವುದಿಲ್ಲ. ಮನೆ ಪಕ್ಕದಲ್ಲೇ ಗಾಳಿಯಿಲ್ಲದೆ ಕೊಳೆಯಲು ಬಿಟ್ಟರೆ ನೀವೂ ಇರಲಾರಿರಿ, ಪಕ್ಕದ ಮನೆಯವರೂ ಇರಲಾರರು. ಆದರೆ ಮಗುಚುವುದರಿಂದ ಸಿಗುವ ಲಾಭ ಹೆಚ್ಚಾಗಿ ಸಮಯದ್ದು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಮನೆತೋಟದವರಿಗೆ ಅಷ್ಟು ಅವಸರ ಏನಿದೆ ಹೇಳಿ?

ಬಿಳಿ ಹುಳುಗಳು ಅಂದಿರಿ. ದಪ್ಪಗೆ, ಗೆರೆಗೆರೆಯಾಗಿ, ಬೆಳೆದ ಮೇಲೆ ಕಂದು ಬಣ್ಣಕ್ಕೆ ತಿರುಗಿ ಡ್ರಮ್ಮಿನ ಗೋಡೆ ಹತ್ತುತ್ತವೆಯಾ? ಹಾಗಿದ್ದರೆ ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಮರಿಗಳು. ದಯವಿಟ್ಟು ಔಷಧಿ ಹೊಡೆಯಬೇಡಿ. ಅವು ಹಸಿಕಸ ತಿನ್ನುತ್ತಾ ಓಡಾಡುವಾಗ ಕಸವೂ ಸಡಿಲವಾಗುತ್ತದೆ. ದೊಡ್ಡದಾದ ನೊಣ ಮನೆಯೊಳಗಿನ ಊಟದ ಮೇಲೆ ಕೂರುವ ಜಾತಿಯದಲ್ಲ. ನೋಡಲು ಇಷ್ಟವಾಗದಿದ್ದರೆ ಒಣದ್ದು ಜಾಸ್ತಿ ಮಾಡಿ, ತಾವಾಗಿ ಕಡಿಮೆಯಾಗುತ್ತವೆ.

ಮಳೆಗಾಲಕ್ಕೆ ಒಣ ಎಲೆ ಕೂಡಿಡಿ. ಮಾಘ, ಫಾಲ್ಗುಣದಲ್ಲಿ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸಿ ರಾಶಿ ಹಾಕಿದ್ದನ್ನು ಪೌರಕಾರ್ಮಿಕರನ್ನು ಕೇಳಿ ನಾಲ್ಕು ಗೋಣಿಚೀಲ ತುಂಬಿಸಿಕೊಂಡರೆ ದೀಪಾವಳಿವರೆಗೂ ಚಿಂತೆ ಇಲ್ಲ. ಆ ಎಲೆಗೆ ಬೆಂಕಿ ಹಚ್ಚುವುದನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಈ ಭಾನುವಾರ ಹೀಗೆ ಮಾಡಿ. ಕೆಸರಾದ ಡ್ರಮ್ಮನ್ನು ಟಾರ್ಪಾಲಿನ ಮೇಲೆ ಸುರಿದು ಒಂದೆರಡು ಗಂಟೆ ಆರಲು ಬಿಡಿ. ಡ್ರಮ್ಮಿನ ತಳ ಮತ್ತು ಪಕ್ಕದಲ್ಲಿ ತೂತುಗಳಿವೆಯಾ ನೋಡಿ, ಇಲ್ಲದಿದ್ದರೆ ಗೇಣಿಗೊಂದರಂತೆ ಕೊರೆಯಿರಿ. ನೊಣ ಬಾರದಂತೆ ಒಳಗಿಂದ ಸೊಳ್ಳೆ ಜಾಲರಿ ಅಂಟಿಸಿ. ಡ್ರಮ್ಮನ್ನು ನಾಲ್ಕು ಇಟ್ಟಿಗೆ ಮೇಲೆ ಎತ್ತಿಟ್ಟು, ಕೆಳಗೊಂದು ತಟ್ಟೆ ಇಡಿ. ತಳಕ್ಕೆ ಒಡೆದ ತೆಂಗಿನ ಚಿಪ್ಪು, ಅದರ ಮೇಲೆ ಒಂದು ಗೇಣು ಕಡ್ಡಿ ಮತ್ತು ನಾರು. ಆಮೇಲೆ ಆರಿದ ಕಸಕ್ಕೆ ಅಷ್ಟೇ ಗಾತ್ರದ ತರಗೆಲೆ ಕಲಸಿ ತುಂಬಿ. ಕೈಯಲ್ಲಿ ಒತ್ತಬೇಡಿ. ಮೂರ್ನಾಲ್ಕು ದಿನದಲ್ಲಿ ವಾಸನೆ ಇಳಿಯಬೇಕು. ಇಳಿಯದಿದ್ದರೆ ತಳದ ತೂತು ಕಟ್ಟಿಕೊಂಡಿರುತ್ತದೆ, ಕೆಳಗಿನಿಂದ ಒಂದು ತಂತಿ ತೂರಿಸಿ ಬಿಡಿಸಿ.